ಕಡತದಲ್ಲಿ ಉಳಿದ ತಾಮ್ರ

ಹೋದ ಸಂಚಿಕೆ ಕೈಸೇರಿದ ಮೇಲೆ ಓದುಗ ತಾಯಿಯೊಬ್ಬರು ಈ ಅಂಕಣಕ್ಕೆ ಒಂದು ಪ್ರಶ್ನೆ ಬರೆದು ಕಳಿಸಿದ್ದಾರೆ. ಅವರ ಮನೆಯಲ್ಲಿ ಅತ್ತೆಯವರ ಕಾಲದ ತಾಮ್ರದ ಹಂಡೆ ಒಂದುಂಟಂತೆ. ಫ್ಲ್ಯಾಟಿನ ಬಚ್ಚಲಿನಲ್ಲಿ ಅದಕ್ಕೆ ಒಲೆಯಿಲ್ಲ. ಆದರೂ ಮಾರಲು ಮನಸ್ಸಿಲ್ಲ. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿರುವಾಗ ಹತ್ತು ವರ್ಷದ ಮಗ ಕೇಳಿದನಂತೆ: "ಅಮ್ಮಾ, ಈ ತಾಮ್ರ ನೆಲದಲ್ಲಿ ಹೇಗೆ ಬಂತು? ಅದು ಅಲ್ಲಿದೆಯೆಂದು ಮೊದಲು ಗೊತ್ತಾಗುವುದು ಹೇಗೆ?" ತಾಯಿಗೆ ಉತ್ತರ ಹೊಳೆಯಲಿಲ್ಲ. ಪ್ರಶ್ನೆಯನ್ನು ನಮಗೆ ದಾಟಿಸಿದ್ದಾರೆ.

ನಾವು ಭೂಗರ್ಭಶಾಸ್ತ್ರ ಓದಿದವರಲ್ಲ. ಬಿ.ಎ. ಮುಗಿಸಿ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುವವರು. ಆದರೂ ಹುಡುಗನ ಪ್ರಶ್ನೆ ಬಂದಾಗಿನಿಂದ ಬಿಡುವಾದಾಗಲೆಲ್ಲ ಅದನ್ನೇ ಓದುತ್ತ ಹೋದೆವು. ಓದಿದಷ್ಟೂ ಒಂದು ಸಂಗತಿ ಮನಸ್ಸಿಗೆ ಬಂದಿತು: ಗಣಿಯ ಚರಿತ್ರೆಯಲ್ಲಿ ಅರ್ಧ ಕಲ್ಲಿನದು, ಇನ್ನರ್ಧ ಕಾಗದದ್ದು. ಕಲ್ಲಿನ ಮಾತನ್ನು ಬಲ್ಲವರು ಬರೆದುದರಿಂದ ತಿಳಿದು ಹೇಳುತ್ತೇವೆ. ಕಾಗದದ ಮಾತು ನಮ್ಮ ಕಸುಬಿನದೇ ಆದ್ದರಿಂದ ಅದನ್ನು ಕೊಂಚ ಧೈರ್ಯವಾಗಿಯೇ ಹೇಳಬಹುದು.

ತಾಮ್ರದ ಗಣಿ ನಮ್ಮ ದೇಶದಲ್ಲಿ ಇಲ್ಲವೆಂದಲ್ಲ. ರಾಜಸ್ಥಾನದ ಖೇತ್ರಿ, ಝಾರ್ಖಂಡದ ಘಾಟಶಿಲಾ, ಮಧ್ಯಪ್ರದೇಶದ ಮಲಂಜಖಂಡ, ಈ ಹೆಸರುಗಳನ್ನು ವಾಚಕರು ಕೇಳಿರಬಹುದು. ನಮ್ಮ ಚಿತ್ರದುರ್ಗದ ಬಳಿ ಇಂಗಳದಾಳಿನಲ್ಲಿ ಪೂರ್ವಿಕರು ತಾಮ್ರಕ್ಕಾಗಿ ತೋಡಿದ ಹಳ್ಳಗಳಿವೆ. ಆದರೆ ಅವು ಬೇರೆ ಬೇರೆ ಜಾತಿಯ ನಿಕ್ಷೇಪಗಳು. ಒಂದೊಂದರ ಹುಟ್ಟೂ ತೊಡಕಿನದು. ಮಕ್ಕಳಿಗೂ ತಿಳಿಯುವಂತೆ ಹೇಳಬೇಕಾದರೆ 'ಸ್ಕಾರ್ನ್' ಎಂಬ ಜಾತಿಯೇ ಮೇಲು. ಅಂಥ ನಿಕ್ಷೇಪಗಳ ಕಥೆಯನ್ನು ಮೊದಲ ಗುದ್ದಲಿಯಿಂದ ಕೊನೆಯ ಬೀಗದವರೆಗೆ ಬರೆದಿಟ್ಟಿರುವ ಒಂದು ಜಾಗ ಕೆನಡಾ ದೇಶದ ವಾಯವ್ಯ ಮೂಲೆಯಲ್ಲಿದೆ. ಅದು ಯೂಕಾನ್ ಸೀಮೆ. ಅಲ್ಲಿಯ ವೈಟ್‌ಹಾರ್ಸ್ ಪಟ್ಟಣದ ಪಶ್ಚಿಮಕ್ಕೆ ಸುಮಾರು ೩೦ ಕಿಲೋಮೀಟರ್ ಉದ್ದಕ್ಕೆ, ಬಿಲ್ಲಿನಂತೆ ಬಾಗಿ, ತಾಮ್ರದ ಸಣ್ಣ ಸಣ್ಣ ನಿಕ್ಷೇಪಗಳು ಚೆದುರಿಕೊಂಡಿವೆ. ಇದಕ್ಕೆ ವೈಟ್‌ಹಾರ್ಸ್ ತಾಮ್ರದ ಪಟ್ಟಿ ಎಂದು ಹೆಸರು. ಇದರಲ್ಲಿ ಎರಡರ ಕಥೆಯನ್ನು ಈ ಸಲ ಹೇಳುತ್ತೇವೆ. ಒಂದರ ಹೆಸರು ಕಾಪರ್ ಕಿಂಗ್, ಎಂದರೆ ತಾಮ್ರದ ರಾಜ. ಇನ್ನೊಂದರ ಹೆಸರು ಲಿಟಲ್ ಚೀಫ್, ಎಂದರೆ ಚಿಕ್ಕ ನಾಯಕ.

ಆ ಸೀಮೆಗೆ ಜನ ನುಗ್ಗಿದ್ದು ತಾಮ್ರಕ್ಕಾಗಿ ಅಲ್ಲ. ೧೮೯೬ರ ಆಗಸ್ಟ್ ತಿಂಗಳಲ್ಲಿ ಯೂಕಾನಿನ ಕ್ಲಾಂಡೈಕ್ ಹೊಳೆಯ ಬಳಿ ಚಿನ್ನ ಸಿಕ್ಕಿತು. ಸುದ್ದಿ ಹೊರಜಗತ್ತಿಗೆ ಮುಟ್ಟಿದ್ದು ಮರುವರ್ಷ ಜುಲೈ ತಿಂಗಳಲ್ಲಿ, ಚಿನ್ನ ಹೊತ್ತ ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೋ, ಸಿಯಾಟಲ್ ಬಂದರುಗಳಿಗೆ ಬಂದಾಗ. ಕೂಡಲೇ ಸುಮಾರು ಒಂದು ಲಕ್ಷ ಜನ ಮನೆಬಿಟ್ಟು ಹೊರಟರು. ಚಿನ್ನದ ನೆಲವನ್ನು ಮುಟ್ಟಿದವರು ಅವರಲ್ಲಿ ಮೂರನೆಯ ಒಂದು ಪಾಲಿನಷ್ಟು ಮಾತ್ರ. ವರ್ಷಕ್ಕಾಗುವಷ್ಟು ದವಸಧಾನ್ಯವನ್ನು ಹೊತ್ತು ಹಿಮದ ಕಣಿವೆ ದಾಟಬೇಕು, ಸರೋವರದ ದಂಡೆಯಲ್ಲಿ ಮರ ಕಡಿದು ದೋಣಿ ಕಟ್ಟಿಕೊಳ್ಳಬೇಕು, ಆಮೇಲೆ ಯೂಕಾನ್ ನದಿಯಲ್ಲಿ ನೂರಾರು ಮೈಲಿ ಇಳಿಯಬೇಕು. ದಾರಿಯಲ್ಲಿ ಮೈಲ್ಸ್ ಎಂಬ ಇಕ್ಕಟ್ಟಾದ ಕಂದರ. ಅದರ ಕೆಳಗೆ ಬಿಳಿಯ ಕುದುರೆಯ ಜೂಲಿನಂತೆ ನೊರೆ ಹಾರಿಸುವ ಸೆಳೆತದ ನೀರು. ವೈಟ್‌ಹಾರ್ಸ್ ಎಂಬ ಹೆಸರು ಬಂದದ್ದು ಆ ನೊರೆಯಿಂದ. ಅಲ್ಲಿ ಎಷ್ಟೋ ಜನ ದೋಣಿ ನಿಲ್ಲಿಸಿ ಸಾಮಾನನ್ನು ದಂಡೆಯ ಮೇಲೆ ಸಾಗಿಸುತ್ತಿದ್ದರು.

ಹೀಗೆ ನಿಂತವರಲ್ಲಿ ಕೆಲವರ ಕಣ್ಣಿಗೆ ೧೮೯೭ರಲ್ಲಿಯೇ ಪಶ್ಚಿಮದ ಗುಡ್ಡಗಳ ಕಲ್ಲಿನ ಮೇಲೆ ಹಸಿರು ಕಲೆಗಳು ಬಿದ್ದುವು. ಚಿನ್ನಕ್ಕೆ ಹೊರಟವನು ಹಸಿರು ಕಲ್ಲಿಗೆ ನಿಲ್ಲುವುದುಂಟೇ? ಬಹುಮಂದಿ ನೋಡಿ ಮುಂದೆ ಹೋದರು. ನಿಂತವನು ಜ್ಯಾಕ್ ಮೆಕಿಂಟೈರ್ ಎಂಬಾತ. ೧೮೯೮ರ ಜುಲೈ ತಿಂಗಳಲ್ಲಿ ಅವನು ಅಲ್ಲಿ ಮೊಟ್ಟಮೊದಲ ಗೂಟ ನೆಟ್ಟು ತನ್ನ ತುಂಡಿಗೆ ಕಾಪರ್ ಕಿಂಗ್ ಎಂದು ಹೆಸರಿಟ್ಟನು. ಇಲ್ಲಿ ಒಂದು ಮಾತು ಸೇರಿಸಬೇಕು. ಆ ನೆಲ ಖಾಲಿ ನೆಲವಾಗಿರಲಿಲ್ಲ. ಯೂಕಾನಿನ ನೈರುತ್ಯ ಭಾಗದ ಮೂಲನಿವಾಸಿಗಳು ಬಿಳಿಯರು ಬರುವ ಮುನ್ನವೇ ಶುದ್ಧ ತಾಮ್ರದ ಗಟ್ಟಿಗಳನ್ನು ಆಯ್ದು, ಬಡಿದು, ಚೂರಿ ಬಾಣಗಳನ್ನು ಮಾಡುತ್ತಿದ್ದರು. ಸರಕಾರದ ದಾಖಲೆಯಲ್ಲಿ 'ಮೊದಲು ಕಂಡವನು' ಎಂದರೆ ಮೊದಲು ಬರೆಸಿದವನು ಎಂದಷ್ಟೇ ಅರ್ಥ.

ಇನ್ನು ಹುಡುಗನ ಮೊದಲ ಪ್ರಶ್ನೆಗೆ ಬರೋಣ. ಆ ಸೀಮೆ ಒಂದು ಕಾಲದಲ್ಲಿ ಸಮುದ್ರದ ಕೆಳಗಿತ್ತು. ೨೦ ಕೋಟಿ ವರ್ಷಕ್ಕೂ ಹಿಂದೆ ಅದರ ತಳದಲ್ಲಿ ಚಿಪ್ಪು, ಹವಳಗಳ ಪುಡಿ ಕೂಡಿ ಸುಣ್ಣಕಲ್ಲಿನ ದಪ್ಪ ಪದರಗಳಾದುವು. ಆಮೇಲೆ, ಸುಮಾರು ೧೧ ಕೋಟಿ ವರ್ಷಗಳ ಕೆಳಗೆ, ಭೂಮಿಯ ಆಳದಿಂದ ಕರಗಿದ ಕಲ್ಲಿನ ಪಾಕ ಮೇಲಕ್ಕೆ ನುಗ್ಗಿ ಆ ಪದರಗಳ ನಡುವೆ ಸೇರಿತು. ಅದು ಜ್ವಾಲಾಮುಖಿಯಾಗಿ ಹೊರಗೆ ಉಕ್ಕಲಿಲ್ಲ. ನೆಲದೊಳಗೇ ನಿಂತು, ಬಹಳ ನಿಧಾನವಾಗಿ ಆರಿ, ಗ್ರಾನೈಟ್ ಜಾತಿಯ ಗಟ್ಟಿ ಕಲ್ಲಾಯಿತು. ಮೇಲಿನ ಮಣ್ಣುಕಲ್ಲು ಕೋಟ್ಯಂತರ ವರ್ಷಗಳಲ್ಲಿ ಸವೆದುಹೋದ ಮೇಲೆ ಇವೆರಡೂ ಇಂದು ಬೆಳಕಿಗೆ ಬಂದಿವೆ. ಗ್ರಾನೈಟ್ ಒಂದು ಕಡೆ, ಸುಣ್ಣಕಲ್ಲು ಇನ್ನೊಂದು ಕಡೆ. ತಾಮ್ರವಿರುವುದು ಇವೆರಡರ ಗಡಿಯಲ್ಲಿ.

ಗಡಿಯಲ್ಲಿಯೇ ಏಕೆ? ಬಿಸಿ ಪಾಕ ತಗುಲಿದ ಸುಣ್ಣಕಲ್ಲು ಮೊದಲು ಅಮೃತಶಿಲೆಯಾಗುತ್ತದೆ. ಇಷ್ಟರಿಂದ ತಾಮ್ರ ಬರುವುದಿಲ್ಲ. ಪಾಕ ಆರುತ್ತ ಬಂದಂತೆ ಅದರೊಳಗೆ ಅಡಗಿದ್ದ ನೀರು ಬೇರ್ಪಟ್ಟು ಹೊರಕ್ಕೆ ಹೊರಡುತ್ತದೆ. ಅದು ನಮ್ಮ ಬಚ್ಚಲಿನ ಬಿಸಿನೀರಲ್ಲ. ನೂರಾರು ಡಿಗ್ರಿ ಬಿಸಿಯ, ಉಪ್ಪು ಕೂಡಿದ, ಹುಳಿಯ ಗುಣದ ನೀರು. ಸಿಲಿಕಾ, ಕಬ್ಬಿಣ, ಗಂಧಕ, ತಾಮ್ರ, ಅಲ್ಪಸ್ವಲ್ಪ ಚಿನ್ನಬೆಳ್ಳಿ ಎಲ್ಲವೂ ಅದರಲ್ಲಿ ಕರಗಿರುತ್ತವೆ. ಬಿರುಕುಗಳ ದಾರಿ ಹಿಡಿದು ಅದು ಸುಣ್ಣಕಲ್ಲಿಗೆ ಮುಟ್ಟಿತೆಂದರೆ ಎರಡು ಕೆಲಸ ನಡೆಯುತ್ತವೆ. ಮೊದಲನೆಯದು: ಸುಣ್ಣಕಲ್ಲಿನ ಕ್ಯಾಲ್ಸಿಯಂ, ನೀರು ತಂದ ಸಿಲಿಕಾ ಕಬ್ಬಿಣಗಳೊಡನೆ ಕೂಡಿ ಹೊಸ ಹರಳುಗಳನ್ನು ಕಟ್ಟುತ್ತದೆ. ಕಂದು ಬಣ್ಣದ ಗಾರ್ನೆಟ್, ಹಸಿರು ಛಾಯೆಯ ಡಯಾಪ್ಸೈಡ್, ಬಿಳಿಯ ಎಳೆಗಳಂಥ ವೊಲಾಸ್ಟೊನೈಟ್, ಇವು ಹೀಗೆ ಹುಟ್ಟಿದವು. ಎರಡನೆಯದು: ಸುಣ್ಣವು ನೀರಿನ ಹುಳಿಯನ್ನು ಮುರಿಯುತ್ತದೆ. ಹುಳಿ ಮುರಿದು ಬಿಸಿಯೂ ಇಳಿದ ಮೇಲೆ ನೀರು ತಾಮ್ರವನ್ನು ಹಿಡಿದಿಟ್ಟುಕೊಳ್ಳಲಾರದು. ತಾಮ್ರ ಗಂಧಕದೊಡನೆ ಕೂಡಿ ಹರಳುಗಳ ಸಂದಿನಲ್ಲಿ ಕೂತುಬಿಡುತ್ತದೆ.

ಮಲೆನಾಡಿನ, ದಕ್ಷಿಣ ಕನ್ನಡದ ವಾಚಕರಿಗೆ ಇದರ ಒಂದು ಛಾಯೆ ಅಪರಿಚಿತವಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ನೀರಿಗೆ ಸುಣ್ಣದ ನೀರು ಬೆರೆಸಿ ಹೊಡೆಯುವುದನ್ನು ಅವರು ಕಂಡಿದ್ದಾರೆ. ಮೈಸೂರು ಸಂಸ್ಥಾನದಲ್ಲಿ ಅದನ್ನು ೧೯೧೦ರ ಸುಮಾರಿಗೆ ರೂಢಿಗೆ ತಂದವರು ಲೆಸ್ಲಿ ಕೋಲ್ಮನ್. ಮೈಲುತುತ್ತವೆಂದರೆ ತಾಮ್ರದ ಲವಣ. ಅದರ ನೀರು ಹುಳಿಯದು, ತಿಳಿನೀಲಿ. ಸುಣ್ಣ ಬಿದ್ದೊಡನೆ ತಾಮ್ರ ಕರಗಿ ಉಳಿಯದೆ ನೀಲಿಯ ಗಸಿಯಾಗಿ ಬೇರ್ಪಡುತ್ತದೆ. ನೆಲದೊಳಗೆ ನಡೆಯುವುದು ಪೂರ್ತಿ ಇದೇ ಅಲ್ಲ. ಅಲ್ಲಿ ಬಿಸಿಯೂ ಗಂಧಕವೂ ಕೆಲಸ ಮಾಡುತ್ತವೆ. ಆದರೆ ಹುಳಿ ಹಿಡಿದುಕೊಂಡ ತಾಮ್ರವನ್ನು ಸುಣ್ಣ ಬಿಡಿಸುತ್ತದೆ ಎಂಬ ಮಾತು ಎರಡೂ ಕಡೆ ನಿಜ.

ಹೀಗೆ ಬೆಳೆದ ಹರಳುಗಲ್ಲಿಗೇ ಸ್ಕಾರ್ನ್ ಎಂದು ಹೆಸರು. ಅದು ಸ್ವೀಡನ್ ದೇಶದ ಗಣಿಗಾರರ ಹಳೆಯ ಮಾತು. ಕಬ್ಬಿಣದ ಅದಿರಿನ ಜೊತೆಗೆ ಬರುವ, ಯಾವ ಕೆಲಸಕ್ಕೂ ಬಾರದ ಕಲ್ಲನ್ನು ಅವರು ಹಾಗೆ ಕರೆದು ಎಸೆಯುತ್ತಿದ್ದರು. ಆಮೇಲೆ ಭೂವಿಜ್ಞಾನಿಗಳಿಗೆ ಈ ಎಸೆದ ಕಲ್ಲೇ ದಾರಿ ತೋರಿಸುವ ಕಲ್ಲಾಯಿತು. ಸುಣ್ಣಕಲ್ಲಿನ ನಾಡಿನಲ್ಲಿ ಕಂದು ಗಾರ್ನೆಟ್ಟಿನ ದಿಬ್ಬ ಕಂಡರೆ, ಇಲ್ಲಿ ಹಿಂದೆ ಬಿಸಿನೀರು ಹರಿದಿತ್ತು, ತಾಮ್ರವೋ ಕಬ್ಬಿಣವೋ ಟಂಗ್‌ಸ್ಟನ್ನೋ ಹತ್ತಿರದಲ್ಲಿರಬಹುದು ಎಂದು ಅವರು ತಿಳಿಯುತ್ತಾರೆ.

ತಾಮ್ರವನ್ನು ಗುರುತಿಸಲು ಇನ್ನೂ ಮೂರು ಚಿಹ್ನೆಗಳುಂಟು. ಒಂದು, ಹಸಿರು ಕಲೆ. ತಾಮ್ರದ ಪಾತ್ರೆಯನ್ನು ತೊಳೆಯದೆ ಬಿಟ್ಟರೆ ಹತ್ತುವ ಕಿಲುಬನ್ನು ಬಲ್ಲೆವಷ್ಟೆ. ಅದಿರಿಗೆ ಮಳೆ ಗಾಳಿ ತಾಕಿದಾಗ ಹುಟ್ಟುವ ಹಸಿರು ಅದೇ ಕುಲದ್ದು. ಎರಡು, ಅದಿರಿನ ಬಣ್ಣ. ವೈಟ್‌ಹಾರ್ಸಿನ ಮುಖ್ಯ ಅದಿರುಗಳಲ್ಲಿ ಬೋರ್ನೈಟ್ ಒಂದು. ಅದರ ಮುಖ ಗಾಳಿ ತಾಕಿದರೆ ನವಿಲುಗರಿಯಂತೆ ನೀಲಿ, ನೇರಳೆ ಬಣ್ಣ ಬಿಡುತ್ತದೆ. ನವಿಲು ಅದಿರು ಎಂದೇ ಅದಕ್ಕೆ ಅಡ್ಡಹೆಸರು. ಅದರಲ್ಲಿ ನೂರಕ್ಕೆ ೬೩ ಪಾಲು ತಾಮ್ರ. ಇನ್ನೊಂದು ಚಾಲ್ಕೊಪೈರೈಟ್, ಹಿತ್ತಾಳೆಯ ಹೊಳಪಿನದು. ಅದರಲ್ಲಿ ನೂರಕ್ಕೆ ಸುಮಾರು ೩೫ ಪಾಲು. ಮೂರನೆಯ ಚಿಹ್ನೆ ಕಣ್ಣಿಗೆ ಕಾಣುವುದಲ್ಲ. ಆ ಪಟ್ಟಿಯ ಕೆಲವು ಕಡೆ, ಮೆಗ್ನೀಷಿಯಂ ಹೆಚ್ಚಾಗಿದ್ದ ಸುಣ್ಣಕಲ್ಲಿನಲ್ಲಿ, ಗಾರ್ನೆಟ್ಟಿನ ಬದಲು ಮ್ಯಾಗ್ನಟೈಟ್ ಎಂಬ ಕರಿಯ ಕಬ್ಬಿಣದ ಅದಿರು ರಾಶಿಯಾಗಿ ಬಂದಿದೆ. ಅಯಸ್ಕಾಂತದ ಗುಣವಿರುವ ಕಲ್ಲು ಅದು. ಅಂಥ ಕಡೆ ದಿಕ್ಸೂಚಿಯ ಮುಳ್ಳು ಉತ್ತರವನ್ನು ಬಿಟ್ಟು ನೆಲದ ಕಡೆಗೆ ತಿರುಗುತ್ತದೆ. ಲಿಟಲ್ ಚೀಫ್ ಈ ಕರಿಯ ಜಾತಿಗೆ ಸೇರಿದ್ದು. ಈ ಗುಣದಿಂದ ಮುಂದೆ ಏನಾಯಿತೆಂಬುದನ್ನು ಆಮೇಲೆ ನೋಡುವಿರಿ.

ಸ್ಕಾರ್ನ್ ನಿಕ್ಷೇಪದಲ್ಲಿ ಒಂದು ದೊಡ್ಡ ತೊಂದರೆಯುಂಟು. ಗ್ರಾನೈಟಿನ ಗಡಿ ಗೋಡೆಯಂತೆ ನೇರವಾಗಿರುವುದಿಲ್ಲ. ಒಳಗೆ ಹೊರಗೆ ಬಾಗಿರುತ್ತದೆ. ಸುಣ್ಣಕಲ್ಲು ಗ್ರಾನೈಟಿನೊಳಕ್ಕೆ ಚಾಚಿದ ಮೂಲೆಗಳಲ್ಲಿ ಅದಿರು ತುಂಬಿಕೊಂಡು, ಪಕ್ಕದಲ್ಲಿ ಏನೂ ಇರದೆ ಹೋಗಬಹುದು. ಹಲಸಿನ ಹಣ್ಣಿನಲ್ಲಿ ತೊಳೆ ಇದ್ದಂತೆ: ಇಲ್ಲೊಂದು ತೊಳೆ, ನಡುವೆ ಬರಿಯ ನಾರು, ಅಲ್ಲೊಂದು ತೊಳೆ. ಮೇಲೆ ಎದ್ದು ಕಾಣುವ ತೊಳೆಯನ್ನು ಯಾರೂ ಕೀಳಬಹುದು. ಒಳಗಿನ ತೊಳೆ ಎಲ್ಲಿದೆಯೆಂದು ತಿಳಿಯುವುದೇ ಕಷ್ಟ.

ಆದ್ದರಿಂದಲೇ ಇಂಥ ಜಾಗವನ್ನು ಗಣಿಯೆನ್ನದೆ 'ಪ್ರಾಸ್ಪೆಕ್ಟ್' ಎನ್ನುತ್ತಾರೆ. ಎಂದರೆ, ಇರಬಹುದು ಎಂಬ ಜಾಗ. ಗೂಟ ನೆಟ್ಟವನು ತನ್ನ ತುಂಡಿನ ಅಳತೆಯನ್ನೂ ಹೆಸರನ್ನೂ ಸರಕಾರದ ದಾಖಲೆ ಕಚೇರಿಯಲ್ಲಿ ಬರೆಸಬೇಕು. ವರ್ಷವರ್ಷವೂ ಇಂತಿಷ್ಟು ಬೆಲೆಯ ಕೆಲಸ ಮಾಡಿದ್ದೇನೆಂದು ತೋರಿಸಬೇಕು. ತೋರಿಸದಿದ್ದರೆ ಹಕ್ಕು ಬಿದ್ದುಹೋಗುತ್ತದೆ. ಅಲ್ಲಿಯ ತುಂಡುಗಳಿಗೆ ಜನ ಇಟ್ಟ ಹೆಸರುಗಳೇ ಅವರ ಮನಸ್ಸನ್ನು ಹೇಳುತ್ತವೆ. ಒಬ್ಬನದು ಬೆಸ್ಟ್ ಚಾನ್ಸ್, ಇನ್ನೊಬ್ಬನದು ವಾರ್ ಈಗಲ್, ಮತ್ತೊಬ್ಬನದು ಆರ್ಕ್‌ಟಿಕ್ ಚೀಫ್. ಸೋಲುತ್ತೇನೆಂದು ಯಾರೂ ಹೆಸರಿಟ್ಟಿಲ್ಲ.

ಕಾಪರ್ ಕಿಂಗ್ ಮೊದಮೊದಲು ಹೆಸರಿಗೆ ತಕ್ಕಂತೆಯೇ ನಡೆಯಿತು. ೧೯೦೦ರ ಜುಲೈ ತಿಂಗ‌ಳಲ್ಲಿ ಸ್ಕಾಗ್ವೇ ಬಂದರಿನಿಂದ ವೈಟ್‌ಹಾರ್ಸಿಗೆ ೧೧೦ ಮೈಲಿಯ ಕಿರಿದಳಿ ರೈಲು ಮುಗಿಯಿತು. ಅದೇ ವರ್ಷ ಕಾಪರ್ ಕಿಂಗ್‌ನಿಂದ ಒಂಬತ್ತು ಟನ್ ಅದಿರು ಹೊರಗೆ ಹೋಯಿತು. ಅದು ಆರಿಸಿದ ನವಿಲು ಅದಿರು. ನೂರಕ್ಕೆ ಸುಮಾರು ೪೬ ಪಾಲು ತಾಮ್ರ ಬಂದಿತು. ಇದನ್ನು ಕೇಳಿದವರಿಗೆ ತಲೆ ತಿರುಗಿದ್ದರಲ್ಲಿ ಆಶ್ಚರ್ಯವೇನು? ಆದರೆ ಆ ತೊಳೆ ಸಣ್ಣದಾಗಿತ್ತು. ರಾಜನೆಂಬ ಹೆಸರಿದ್ದರೂ ಕಾಪರ್ ಕಿಂಗ್ ದೊಡ್ಡ ಗಣಿಯಾಗಲೇ ಇಲ್ಲ.

ಅದರ ನೆರೆಯ ತುಂಡುಗಳ ಹಣೆಬರಹ ತಾಮ್ರದ ಪೇಟೆಯ ಕೈಯಲ್ಲಿತ್ತು. ಬೆಲೆ ಏರಿದಾಗ ಕೆಲಸ, ಇಳಿದಾಗ ಬೀಗ. ೧೯೦೭ರಲ್ಲಿ ಅಮೇರಿಕದ ಬ್ಯಾಂಕುಗಳಲ್ಲಿ ಗಾಬರಿ ಹುಟ್ಟಿ ತಾಮ್ರದ ಬೆಲೆ ಕುಸಿಯಿತು. ಮೊದಲನೆಯ ಮಹಾಯುದ್ಧ ಬಂದಾಗ ಗುಂಡಿಗೂ ತಂತಿಗೂ ತಾಮ್ರ ಬೇಕಾಗಿ ಬೆಲೆ ಮತ್ತೆ ಏರಿತು. ಆಗ ಹೆಚ್ಚಾಗಿ ದುಡಿದದ್ದು ಪ್ಯೂಬ್ಲೊ ಎಂಬ ಗಣಿ. ರೈಲಿನ ಒಂದು ಕವಲು ಅಲ್ಲಿಯವರೆಗೆ ಹೋಗಿತ್ತು. ೧೯೧೭ರ ಮಾರ್ಚ್ ತಿಂಗಳಲ್ಲಿ ಆ ಗಣಿಯ ಒಳಗೆ ಕುಸಿತವಾಗಿ ಆರು ಜನ ಕೆಲಸಗಾರರು ಸತ್ತರು. ದೂರದ ಊರುಗಳಿಂದ ಹೊಟ್ಟೆಪಾಡಿಗೆ ಬಂದವರೇ ಇಂಥ ಗಣಿಗಳಲ್ಲಿ ದುಡಿಯುತ್ತಿದ್ದುದು. ಯುದ್ಧ ಮುಗಿದು ಬೆಲೆ ಇಳಿದ ಮೇಲೆ, ೧೯೨೦ರ ಹೊತ್ತಿಗೆ, ಆ ಪಟ್ಟಿಯಲ್ಲಿ ಕೆಲಸ ನಿಂತಿತು. ಹಳ್ಳಗಳಲ್ಲಿ ನೀರು ತುಂಬಿತು, ದಾರಿಗಳ ಮೇಲೆ ಮರ ಬೆಳೆಯಿತು.

ಕಥೆ ಇಲ್ಲಿಗೇ ಮುಗಿಯಬೇಕಾಗಿತ್ತು. ಮುಗಿಯದೆ ಉಳಿದದ್ದು ಕಾಗದದಿಂದ.

ಕೆನಡಾ ಸರಕಾರದ ಭೂವೈಜ್ಞಾನಿಕ ಇಲಾಖೆಯ ರಿಚರ್ಡ್ ಮೆಕಾನೆಲ್ ಎಂಬ ಅಧಿಕಾರಿ ಆ ಪಟ್ಟಿಯನ್ನೆಲ್ಲ ಸುತ್ತಿ ನೋಡಿ ೧೯೦೯ರಲ್ಲಿ ಒಂದು ವರದಿ ಪ್ರಕಟಿಸಿದ್ದರು. ಒಂದೊಂದು ತುಂಡನ್ನೂ ಹೆಸರು ಹಿಡಿದು ವಿವರಿಸಿದ ವರದಿ ಅದು. ಎಲ್ಲಿ ಯಾವ ಕಲ್ಲು, ಎಷ್ಟು ಆಳಕ್ಕೆ ತೋಡಿದ್ದಾರೆ, ಒಳಗೆ ಏನು ಕಂಡಿತು ಎಂಬ ಬಗೆಯ ಒಣ ವಿವರಗಳು. ಲಾಭ ಮಾಡಿದವರ ತುಂಡಿಗೊಂದು, ಕೈಸುಟ್ಟುಕೊಂಡವರ ತುಂಡಿಗೊಂದು ಎಂದು ಭೇದವಿಲ್ಲ. ೧೯೨೬ರಲ್ಲಿ, ಗಣಿಗಳೆಲ್ಲ ನಿಂತುಹೋಗಿದ್ದ ಕಾಲದಲ್ಲಿ, ಕಾಕ್‌ಫೀಲ್ಡ್ ಮತ್ತು ಬೆಲ್ ಎಂಬಿಬ್ಬರು ಅದೇ ಸೀಮೆಯ ಮೇಲೆ ಮತ್ತೊಂದು ಗ್ರಂಥ ಬರೆದರು. ೧೯೬೧ರಲ್ಲಿ ವೀಲರ್ ಎಂಬವರು ಆ ಭಾಗದ ದೊಡ್ಡ ನಕ್ಷೆಯೊಡನೆ ಇನ್ನೊಂದನ್ನು ಬರೆದರು. ೧೯೬೪ರಲ್ಲಿ ಕಿಂಡಲ್ ಎಂಬವರು ಆ ಪಟ್ಟಿಯ ತಾಮ್ರ, ಕಬ್ಬಿಣಗಳ ಸಂಪತ್ತನ್ನೇ ವಿಷಯವಾಗಿ ತೆಗೆದುಕೊಂಡು ವರದಿ ಕೊಟ್ಟರು. ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಹಿಡಿದರು. ವರ್ಗವಾಗಿ ಬಂದ ಗುಮಾಸ್ತ ಹಿಂದಿನವನ ಟಿಪ್ಪಣಿಯ ಕೆಳಗೆ ತನ್ನ ಟಿಪ್ಪಣಿ ಬರೆದಂತೆ ಐವತ್ತೈದು ವರ್ಷ ಆ ಕಡತ ಬೆಳೆಯಿತು.

ಈ ನಡುವೆ ಹೊರಗಿನ ಜಗತ್ತೂ ಬದಲಾಗಿತ್ತು. ೧೯೪೨ರಲ್ಲಿ ಯುದ್ಧದ ಕಾಲದ ಅಲಾಸ್ಕಾ ಹೆದ್ದಾರಿ ವೈಟ್‌ಹಾರ್ಸಿನ ಮೇಲೆ ಹಾದಿತ್ತು. ಬಡ ಅದಿರನ್ನು ನುಣ್ಣಗೆ ಅರೆದು, ನೊರೆಯಲ್ಲಿ ತೇಲಿಸಿ ತಾಮ್ರದ ಪಾಲನ್ನು ಬೇರ್ಪಡಿಸುವ ವಿದ್ಯೆ ಎಲ್ಲೆಡೆ ರೂಢಿಗೆ ಬಂದಿತ್ತು. ಹಿಂದೆ ಕೈಯಿಂದ ಆರಿಸಿದ ಅದಿರು ಮಾತ್ರ ಸಾಗಣೆಯ ಖರ್ಚಿಗೆ ಗಿಟ್ಟುತ್ತಿತ್ತು. ಈಗ ನೂರಕ್ಕೆ ಒಂದು ಪಾಲು ತಾಮ್ರವಿದ್ದರೂ ನಡೆಯಿತು. ೧೯೬೦ರ ದಶಕದಲ್ಲಿ ನ್ಯೂ ಇಂಪೀರಿಯಲ್ ಮೈನ್ಸ್ ಎಂಬ ಕಂಪನಿ ಹಳೆಯ ತುಂಡುಗಳಲ್ಲಿ ಮತ್ತೆ ಹುಡುಕತೊಡಗಿತು. ಈಗ ಮ್ಯಾಗ್ನಟೈಟಿನ ಗುಣ ಪ್ರಯೋಜನಕ್ಕೆ ಬಂದಿತು. ಹಿಂದಿನವರ ದಿಕ್ಸೂಚಿಯನ್ನು ದಾರಿತಪ್ಪಿಸಿದ ಕರಿಯ ಕಲ್ಲು, ಹೊಸ ಕಾಲದ ಸೂಕ್ಷ್ಮ ಯಂತ್ರಗಳಿಗೆ ಮಣ್ಣಿನ ಕೆಳಗಿನಿಂದಲೇ ತಾನಿರುವ ಜಾಗವನ್ನು ಹೇಳುತ್ತದೆ. ಗುರುತು ಹತ್ತಿದ ಕಡೆ ವಜ್ರದ ಚೂರು ಕೂರಿಸಿದ ಕೊಳವೆಯಿಂದ ನೆಲವನ್ನು ಕೊರೆದು, ಕಬ್ಬಿನ ಜಲ್ಲೆಯಂತೆ ಉದ್ದುದ್ದ ಕಲ್ಲಿನ ದಂಡಗಳನ್ನು ಮೇಲೆತ್ತುತ್ತಾರೆ. ಅವನ್ನು ಪೆಟ್ಟಿಗೆಗಳಲ್ಲಿ ಸಾಲಾಗಿಟ್ಟು, ಎಷ್ಟನೆಯ ಅಡಿಯಲ್ಲಿ ಯಾವ ಕಲ್ಲೆಂದು ಬರೆಯುತ್ತಾರೆ. ಏನೂ ಸಿಗದ ಕೊರೆತವನ್ನೂ ಬರೆಯುತ್ತಾರೆ. ಇಲ್ಲಿ ಇಲ್ಲ ಎಂದು ತಿಳಿಯುವುದೂ ಮುಂದಿನವನಿಗೆ ಲಾಭವೇ.

೧೯೬೭ರಲ್ಲಿ ತೆರೆದ ಹಳ್ಳಗಳಿಂದ ಅದಿರು ತೆಗೆಯಲು ಮೊದಲಾಯಿತು. ೧೯೭೧ರಲ್ಲಿ ಕೆಲಸ ಒಮ್ಮೆ ನಿಂತು, ಆಮೇಲೆ ವೈಟ್‌ಹಾರ್ಸ್ ಕಾಪರ್ ಮೈನ್ಸ್ ಎಂಬ ಹೆಸರಿನಲ್ಲಿ ಲಿಟಲ್ ಚೀಫ್‌ನ ಕೆಳಗೆ ಸುರಂಗ ಇಳಿಸಿ ಮುಂದುವರಿಯಿತು. ೧೯೮೨ರ ಕೊನೆಯವರೆಗೆ ನಡೆಯಿತು. ಹದಿನೈದು ವರ್ಷಗಳಲ್ಲಿ ಆ ಪಟ್ಟಿಯಿಂದ ಹೊರಬಂದದ್ದು ಸುಮಾರು ಒಂದು ಕೋಟಿ ಟನ್ ಅದಿರು, ಅದರಿಂದ ಸುಮಾರು ೧೨ ಕೋಟಿ ಕಿಲೋಗ್ರಾಂ ತಾಮ್ರ. ಜೊತೆಗೆ ಸುಮಾರು ೭ ಟನ್ ಚಿನ್ನವೂ ಬಂದಿತು. ಚಿನ್ನಕ್ಕಾಗಿ ಓಡಿದವರು ಕಾಲಿನಲ್ಲಿ ತುಳಿದು ಹೋದ ನೆಲದಲ್ಲಿ!

ಈಗ ಒಂದು ಸಂಸಾರದ ಲೆಕ್ಕ ಹಾಕೋಣ. ಕಾಪರ್ ಕಿಂಗ್‌ನ ಮೊದಲ ಒಂಬತ್ತು ಟನ್ನಿನಲ್ಲಿ ನೂರಕ್ಕೆ ೪೬ ಪಾಲು. ಬಂದ ತಾಮ್ರ ಸುಮಾರು ನಾಲ್ಕು ಟನ್. ಆಮೇಲಿನ ಒಂದು ಕೋಟಿ ಟನ್ನಿನಲ್ಲಿ ನೂರಕ್ಕೆ ಬರಿಯ ಒಂದೂಕಾಲು ಪಾಲಿಗೂ ಕಡಿಮೆ. ಬಂದ ತಾಮ್ರ ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ಟನ್. ಕಣ್ಣು ಕುಕ್ಕುವ ಅದಿರು ಪೇಟೆಯಲ್ಲಿ ಸುದ್ದಿಯಾಯಿತು. ಊರಿಗೆ ಅನ್ನ ಹಾಕಿದ್ದು ಕಣ್ಣಿಗೆ ಬೀಳದ ಅದಿರು. ಲಿಟಲ್ ಚೀಫ್ ಹೊಸದಾಗಿ ಕಂಡುಹಿಡಿದ ಜಾಗವೂ ಅಲ್ಲ. ಮೊದಲ ಗೂಟಗಳ ಕಾಲದಲ್ಲಿಯೇ ಅದಕ್ಕೆ ಹೆಸರು ಬಿದ್ದಿತ್ತು. ಅದು ಅಷ್ಟು ವರ್ಷ ಕಡತದಲ್ಲಿ ಕಾಯುತ್ತಿತ್ತು.

ಹುಡುಗನ ಎರಡನೆಯ ಪ್ರಶ್ನೆಗೆ ನಮ್ಮ ಉತ್ತರ ಇದೇ. ತಾಮ್ರ ಅಲ್ಲಿದೆಯೆಂದು ಒಬ್ಬನಿಗೆ ಒಮ್ಮೆಗೇ ಗೊತ್ತಾಗುವುದಿಲ್ಲ. ಒಬ್ಬನು ಕಲೆ ನೋಡುತ್ತಾನೆ, ಒಬ್ಬನು ಬರೆಯುತ್ತಾನೆ, ಅವನನ್ನು ಎಂದೂ ಕಾಣದ ಇನ್ನೊಬ್ಬನು ಓದುತ್ತಾನೆ. ನಡುವೆ ಬರೆಯುವವನಿಲ್ಲದಿದ್ದರೆ ಪ್ರತಿ ತಲೆಮಾರೂ ಮೊದಲಿನಿಂದ ಹುಡುಕಬೇಕಾಗುತ್ತಿತ್ತು.

ನಮ್ಮ ಕೋಲಾರದಲ್ಲಿಯೂ ಹೀಗೆಯೇ ನಡೆದದ್ದುಂಟು. ೧೮೦೨ರಲ್ಲಿ ಜಾನ್ ವಾರನ್ ಎಂಬ ಲೆಫ್ಟೆನೆಂಟ್ ಮೈಸೂರು ಸೀಮೆಯ ಗಡಿಯ ಮೋಜಣಿಗೆ ಬಂದಾಗ ಹಳ್ಳಿಯ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟನು. ಸುಮಾರು ಎಪ್ಪತ್ತು ವರ್ಷದ ಮೇಲೆ, ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೇಲ್ ಲಾವೆಲ್ ಎಂಬ ನಿವೃತ್ತ ಸಿಪಾಯಿ ಆ ಬರಹವನ್ನು ಓದಿ ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೋದನು. ೧೮೭೩ರಲ್ಲಿ ಮೈಸೂರು ಸರಕಾರದಿಂದ ಅಪ್ಪಣೆ ಪಡೆದನು. ಸಂಪತ್ತು ಅವನಿಗೆ ದಕ್ಕಲಿಲ್ಲ. ೧೮೮೦ರಲ್ಲಿ ಬಂದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಗಣಿ ಬೆಳೆಯಿತು. ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಲಾವೆಲ್ಲನನ್ನು ಅಲ್ಲಿಗೆ ಕರೆದೊಯ್ದದ್ದು ಹಳೆಯ ಬರಹವೊಂದೇ.

ಗಣಿ ಮುಚ್ಚಿದಾಗ ಊರಿಗೆ ಏನಾಗುತ್ತದೆಂದು ಕೋಲಾರದ ಕಡೆಯವರಿಗೆ ನಾವು ಹೇಳಬೇಕಾಗಿಲ್ಲ. ವೈಟ್‌ಹಾರ್ಸಿನಲ್ಲಿ ೧೯೮೨ರಲ್ಲಿ ಗಣಿಯೂ ನಿಂತಿತು, ರೈಲೂ ನಿಂತಿತು. ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿದುವು. ಪ್ರವಾಸಿಗಳಿಗಾಗಿ ಆ ರೈಲಿನ ಒಂದು ಭಾಗ ೧೯೮೮ರಲ್ಲಿ ಮತ್ತೆ ಓಡಿತು. ಗಣಿ ಮಾತ್ರ ತೆರೆಯಲಿಲ್ಲ. ಪಟ್ಟಣ ಸರಕಾರದ ಮುಖ್ಯ ಊರಾದುದರಿಂದ ಉಳಿದು ಬೆಳೆಯಿತು. ಈಗ ಅಲ್ಲಿಯ ಒಂದು ಬಡಾವಣೆಯ ಹೆಸರೇ ಕಾಪರ್ ರಿಡ್ಜ್. ನೆಲದ ಮೊದಲ ಒಡೆಯರಾದ ತಆನ್ ಕ್ವಾಚಾನ್, ಕ್ವಾನ್‌ಲಿನ್ ಡುನ್ ಜನಾಂಗಗಳೊಡನೆ ಸರಕಾರ ೨೦೦೨ರಲ್ಲಿಯೂ ೨೦೦೫ರಲ್ಲಿಯೂ ಒಪ್ಪಂದ ಮಾಡಿಕೊಂಡು ಅವರ ಹಕ್ಕನ್ನು ಕಾಗದದ ಮೇಲೆ ಬರೆಯಿತು. ನೂರು ವರ್ಷ ತಡವಾಗಿ. ೨೦೨೦ರ ದಶಕದಲ್ಲಿ ಹಳೆಯ ಕಡತಗಳನ್ನು ಬಿಚ್ಚಿ ಅದೇ ಪಟ್ಟಿಯಲ್ಲಿ ಮತ್ತೆ ಕೊರೆತ ನಡೆದಿದೆ. ಆದರೆ ಈಗ ಗುಡ್ಡದ ಬುಡದಲ್ಲಿ ಮನೆಗಳಿವೆ, ಕಾಡಿನಲ್ಲಿ ಜನ ತಿರುಗಾಡುವ ದಾರಿಗಳಿವೆ. ಊರಿನವರು ಕಂಪನಿಯನ್ನು ಪ್ರಶ್ನೆ ಕೇಳುತ್ತಿದ್ದಾರೆ. ಕೇಳಬೇಕಾದದ್ದೇ. ಕೊರೆದ ಕಲ್ಲಿನ ದಂಡಗಳನ್ನು ಕಾಪಾಡುವ ಭಂಡಾರವೊಂದನ್ನು ಯೂಕಾನ್ ಸರಕಾರ ಆ ಊರಿನಲ್ಲಿಯೇ ಇಟ್ಟಿದೆ. ಬೊಸ್ಟಾಕ್ ಎಂಬ ಹಿಂದಿನ ಭೂವಿಜ್ಞಾನಿಯ ಹೆಸರು ಅದಕ್ಕೆ. ಗ್ರಂಥಾಲಯದಲ್ಲಿ ಪುಸ್ತಕ ನೋಡಿದಂತೆ ಅಲ್ಲಿ ಹೋಗಿ ಕಲ್ಲು ನೋಡಬಹುದು.

ನಮ್ಮಂಥ ಗುಮಾಸ್ತರಿಗೆ ಈ ಕಥೆಯಿಂದ ಸ್ವಲ್ಪ ಸಮಾಧಾನವುಂಟು. ಇಂದು ನಾವು ಬರೆದ ಟಿಪ್ಪಣಿಯನ್ನು ನಾಳೆ ಯಾರೂ ಓದಲಿಕ್ಕಿಲ್ಲ. ಐವತ್ತು ವರ್ಷದ ಮೇಲೆ ಒಬ್ಬನಾದರೂ ಓದಬಹುದು. ಅವನಿಗಾಗಿ ತಾರೀಖನ್ನೂ ಅಂಕಿಯನ್ನೂ ಸರಿಯಾಗಿ ಬರೆಯಬೇಕು.

ಆದರೆ ಈ ಪತ್ರಿಕೆ ಓದುವ ಸಂಸಾರಗಳಿಗೆ ಇನ್ನೊಂದು ಮಾತು ಹೇಳಬೇಕೆನಿಸುತ್ತದೆ. ಊರು ಬಿಟ್ಟು ಬಂದ ನಮ್ಮೆಲ್ಲರ ಮನೆಯಲ್ಲಿ ಅಟ್ಟದ ಮೇಲೆ ಒಂದು ಟ್ರಂಕು ಇರುತ್ತದೆ. ಅಜ್ಜನ ಜಮಾಖರ್ಚಿನ ವಹಿ, ಹೊಲಮನೆಯ ಪತ್ರ, ಸೋದರತ್ತೆ ಬರೆದ ಕಾಗದ, ಹೆಸರು ಬರೆಯದ ಫೋಟೋಗಳು. ಅವುಗಳಲ್ಲಿ ಇರುವವರು ಯಾರು, ಯಾವ ಊರು, ಯಾವ ವರ್ಷ ಎಂದು ಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ, ಯಾವಾಗಲೂ ಇರುವುದಿಲ್ಲ. ಅವರನ್ನು ಒಂದು ಭಾನುವಾರ ಕೂರಿಸಿಕೊಂಡು ಕೇಳಿ, ಫೋಟೋಗಳ ಹಿಂದೆ ಸೀಸದಕಡ್ಡಿಯಿಂದ ಬರೆದಿಡಬೇಕು. ಮೆಕಾನೆಲ್ಲರ ವರದಿ ಐವತ್ತೈದು ವರ್ಷದ ಮೇಲೂ ಪ್ರಯೋಜನಕ್ಕೆ ಬಂದದ್ದಕ್ಕೆ ಎರಡು ಕಾರಣ: ಅದು ಕೈಗೆ ಸಿಗುವಂತಿತ್ತು, ಮತ್ತು ಅದರ ಭಾಷೆಯನ್ನು ಓದಬಲ್ಲವರು ಇದ್ದರು. ನಮ್ಮ ಟ್ರಂಕಿನಲ್ಲಿರುವುದು ಕನ್ನಡದಲ್ಲಿದೆ. ಮನೆಯ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನೋ ತಮಿಳನ್ನೋ ಹಿಂದಿಯನ್ನೋ ಕಲಿಯಲಿ, ಒಳ್ಳೆಯದೇ. ಅದರೊಡನೆ ವಾರಕ್ಕೆ ಒಂದೆರಡು ಗಂಟೆ ಕನ್ನಡದ ಅಕ್ಷರ ಹೇಳಿಕೊಡದಿದ್ದರೆ, ಟ್ರಂಕು ಉಳಿದರೂ ಅದರೊಳಗಿನದು ಅವರ ಪಾಲಿಗೆ ಬರಿಯ ರದ್ದಿಯಾಗುತ್ತದೆ.